ಆರು ವರ್ಷಗಳ ನಂತರ ಅವನ ಅರ್ಜಿ ನನ್ನ ಮೇಜಿಗೆ ಬಂದಿದೆ. ಸೇಡು ಎಂದಾದರೂ ಸರಿಯಾಗುತ್ತದೆಯೇ?

ನಡುಹಗಲು

ನಾನು ಹಿಂದೆ ಕೆಲಸ ಮಾಡುತ್ತಿದ್ದ ಸಂಸ್ಥೆಯಲ್ಲಿ ಪಕ್ಕದ ಮೇಜಿನವನೊಬ್ಬ, ನಾನು ಹದಿನಾಲ್ಕು ತಿಂಗಳು ಕೂತು ಸಿದ್ಧಪಡಿಸಿದ್ದ ವರದಿಯನ್ನು ತನ್ನ ಹೆಸರಿನಲ್ಲಿ ಆಡಳಿತ ಮಂಡಳಿಯ ಮುಂದೆ ಇಟ್ಟ. ಪ್ರಶ್ನಿಸಿದಾಗ, ಎಂದೋ ಬೇಸರದಲ್ಲಿ ನಾನು ಅವನಿಗೆ ಕಳುಹಿಸಿದ್ದ ಸಂದೇಶಗಳಲ್ಲಿ ಹಿಂದುಮುಂದು ಕತ್ತರಿಸಿ ಮೇಲಿನವರಿಗೆ ತೋರಿಸಿದ. ನಾನು ಹೊಟ್ಟೆಕಿಚ್ಚಿನವನು, ಮನಸ್ಸು ಸ್ಥಿಮಿತದಲ್ಲಿಲ್ಲದವನು ಎಂದಾಯಿತು. ಮೂರು ತಿಂಗಳಲ್ಲಿ ನನ್ನಿಂದ ರಾಜೀನಾಮೆ ಬರೆಸಿಕೊಂಡರು.

ನಂತರ ಹನ್ನೊಂದು ತಿಂಗಳು ಕೆಲಸವಿರಲಿಲ್ಲ. ಆ ವರ್ಷ ಅಪ್ಪ ಹಾಸಿಗೆ ಹಿಡಿದಿದ್ದರು. ಅವರಿಗೆ ತಿಳಿಯಬಾರದೆಂದು ದಿನವೂ ಬೆಳಗ್ಗೆ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದೆ, ಸಂಜೆ ದಣಿದವನಂತೆ ಮರಳುತ್ತಿದ್ದೆ. ‘ಕೆಲಸ ಹೇಗಿದೆ’ ಎಂದು ಅವರು ಕೇಳುತ್ತಿದ್ದರು. ‘ಚೆನ್ನಾಗಿದೆ’ ಎನ್ನುತ್ತಿದ್ದೆ. ನಿಜ ತಿಳಿಯದೆಯೇ ಅವರು ಹೋದರು.

ಇದೆಲ್ಲ ಆಗಿ ಆರು ವರ್ಷವಾಯಿತು. ಈಗ ಬೇರೆ ಸಂಸ್ಥೆಯಲ್ಲಿ ಒಂದು ವಿಭಾಗದ ಹೊಣೆ ನನ್ನದು. ಕಳೆದ ವಾರ ಒಂದು ಹುದ್ದೆಗೆ ಅಂತಿಮವಾಗಿ ಉಳಿದ ಐದು ಅರ್ಜಿಗಳು ಬಂದವು, ಅದರಲ್ಲಿ ಅವನದೂ ಒಂದು. ನಾನು ಇಲ್ಲಿರುವುದು ಅವನಿಗೆ ತಿಳಿದಿಲ್ಲ. ‘ನೀವಿಬ್ಬರೂ ಒಂದೇ ಕಡೆ ಇದ್ದಿರಲ್ಲ, ಹೇಗೆ ಈತ?’ ಎಂದು ನೇಮಕಾತಿಯವರು ಕೇಳಿದ್ದಾರೆ. ನಾನು ಒಂದು ವಾಕ್ಯ ಬರೆದರೆ ಸಾಕು.

ಆ ಹೆಸರು ಕಂಡ ಕೂಡಲೇ ನನಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಸಿಟ್ಟು ಬರಲಿಲ್ಲ, ಖುಷಿಯಾಯಿತು. ಎರಡು ರಾತ್ರಿಯಿಂದ ನನ್ನ ನಿದ್ದೆ ಕೆಡಿಸಿರುವುದು ಆ ಖುಷಿಯೇ. ಈ ಅರ್ಜಿಯನ್ನು ಏನು ಮಾಡಬೇಕೆಂಬುದು ಒಂದು. ಸೇಡು ತೀರಿಸಿಕೊಳ್ಳುವುದು ಎಂದಾದರೂ ನ್ಯಾಯವೇ, ತೀರಿಸಿಕೊಂಡವನಿಗೆ ಒಳ್ಳೆಯದಾಗುತ್ತದೆಯೇ ಎಂಬುದು ಇನ್ನೊಂದು. ಪ್ರಾಮಾಣಿಕವಾಗಿ ಹೇಳಿ.

ಕಿಟಕಿ

ಬರೆಯಿರಿ. ಒಂದೇ ವಾಕ್ಯ, ಅದೂ ನಿಜವಾದ ವಾಕ್ಯ. ಅವನು ಸುಳ್ಳು ಹೇಳಿ ನಿಮ್ಮ ಕೆಲಸ ಕಳೆದ, ನೀವು ನಿಜ ಹೇಳಿ ಅವನಿಗೆ ಕೆಲಸ ಸಿಗದಂತೆ ಮಾಡುತ್ತೀರಿ. ಇದನ್ನು ಸೇಡು ಎಂದು ಕರೆದು ನಿಮ್ಮನ್ನು ನೀವೇ ಯಾಕೆ ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸುತ್ತೀರಿ? ಅಪ್ಪನ ಮುಂದೆ ಹನ್ನೊಂದು ತಿಂಗಳು ನಟಿಸುವಂತೆ ಮಾಡಿದವನಿಗೆ ನೀವು ಯಾವ ಋಣದಲ್ಲಿಯೂ ಇಲ್ಲ.

ತಿಳಿನೀರು

ನಡುಹಗಲು ಅವರೇ, ಆ ಖುಷಿಗಾಗಿ ನಾಚಿಕೊಳ್ಳಬೇಡಿ, ಅದು ಮನುಷ್ಯ ಸಹಜ. 2004ರಲ್ಲಿ ಸ್ವಿಟ್ಜರ್‌ಲೆಂಡಿನ ಸಂಶೋಧಕರು, ಹಣದ ಆಟವೊಂದರಲ್ಲಿ ಮೋಸಹೋದವರು ಮೋಸಗಾರನಿಗೆ ದಂಡ ವಿಧಿಸಲು ಹೊರಟಾಗ ಅವರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಏನಾದರೂ ಪ್ರತಿಫಲ ಸಿಗಲಿದೆ ಎಂದಾಗ ಚುರುಕಾಗುವ ಭಾಗವೇ ಅಲ್ಲಿಯೂ ಚುರುಕಾಗಿತ್ತು. ಸೇಡು ಸಿಹಿ ಎನ್ನುವುದು ಬರಿಯ ಮಾತಲ್ಲ.

ಆದರೆ ಆ ಸಿಹಿ ಇರುವುದು ಎದುರುನೋಡುವುದರಲ್ಲಿ. 2008ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಕೆವಿನ್ ಕಾರ್ಲ್‌ಸ್ಮಿತ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗಗಳಲ್ಲಿ, ವಂಚಕನನ್ನು ದಂಡಿಸುವ ಅವಕಾಶ ಕೆಲವರಿಗೆ ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ. ಸಿಗದವರು ‘ದಂಡಿಸಿದ್ದರೆ ಮನಸ್ಸು ಹಗುರಾಗುತ್ತಿತ್ತು’ ಎಂದರು. ನಿಜಕ್ಕೂ ದಂಡಿಸಿದವರ ಮನಸ್ಸು ಮಾತ್ರ ಅವಕಾಶ ಸಿಗದವರಿಗಿಂತ ಕೆಟ್ಟಿತ್ತು. ಅವರು ವಂಚಕನ ಬಗ್ಗೆಯೇ ಮತ್ತೆ ಮತ್ತೆ ಯೋಚಿಸುತ್ತಿದ್ದರು. ನನಗೆ ಹೆಚ್ಚು ನಾಟಿದ್ದು ಇನ್ನೊಂದು ಸಂಗತಿ. ‘ದಂಡಿಸದೆ ಬಿಟ್ಟಿದ್ದರೆ ಇನ್ನೂ ಹೆಚ್ಚು ನೋಯುತ್ತಿತ್ತು’ ಎಂದೇ ಆ ದಂಡಿಸಿದವರು ನಂಬಿದ್ದರು. ಎಂದರೆ, ಸೇಡು ತಮ್ಮ ಮನಸ್ಸನ್ನು ಕೆಡಿಸಿತು ಎಂಬುದು ತೀರಿಸಿಕೊಂಡವರಿಗೆ ತಿಳಿಯುವುದೇ ಇಲ್ಲ.

ಮನಸ್ಸು ನೊಂದವರ ಜೊತೆ ಕೂತು ಮಾತನಾಡುವುದು ನನ್ನ ವೃತ್ತಿ. ಅಲ್ಲಿಯೂ ಇದನ್ನೇ ಕಂಡಿದ್ದೇನೆ. ಸೇಡು ತೀರಿಸಿಕೊಂಡ ಮೇಲೆ ಆ ಮನುಷ್ಯ ಮನಸ್ಸಿನಿಂದ ತೊಲಗುವುದಿಲ್ಲ, ಇನ್ನೂ ಒಳಗೆ ಬಂದು ಕೂರುತ್ತಾನೆ.

ಹಳೆಯ ಕಡತ

ಮೂವತ್ತು ವರ್ಷ ವಕೀಲಿಕೆ ಮಾಡಿದ್ದೇನೆ. ನೀತಿಯ ಮಾತಿಗಿಂತ ಮೊದಲು ಒಂದು ವ್ಯವಹಾರದ ಮಾತು. ಅವನ ಬಗ್ಗೆ ಅಭಿಪ್ರಾಯ ಕೊಡುವ ಸ್ಥಾನದಲ್ಲಿ ನೀವು ಕೂರಲೇಬಾರದು. ಹೊಗಳಲಿಕ್ಕೂ ಬೇಡ, ತೆಗಳಲಿಕ್ಕೂ ಬೇಡ. ‘ಈತನಿಗೂ ನನಗೂ ಹಿಂದೆ ವಿವಾದವಿತ್ತು, ಆದ್ದರಿಂದ ಈ ಆಯ್ಕೆಯಿಂದ ಹಿಂದೆ ಸರಿಯುತ್ತೇನೆ’ ಎಂದು ಬರವಣಿಗೆಯಲ್ಲಿ ಕೊಡಿ. ನಿಮ್ಮ ಬಳಿ ದಾಖಲೆ ಇರುವ ಸಂಗತಿಗಳು ಇದ್ದರೆ ಅವನ್ನು ಮಾತ್ರ ವಿಶೇಷಣವಿಲ್ಲದೆ ಜೊತೆಗಿಡಿ. ತೀರ್ಮಾನ ಬೇರೆಯವರದಾಗಲಿ.

ತನ್ನ ಮೊಕದ್ದಮೆಗೆ ತಾನೇ ನ್ಯಾಯಾಧೀಶನಾಗಬಾರದು ಎಂಬ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ‘ಕಣ್ಣಿಗೆ ಕಣ್ಣು’ ಎಂಬುದನ್ನು ನಾವು ಕ್ರೌರ್ಯದ ಮಾತು ಎಂದು ತಿಳಿಯುತ್ತೇವೆ. ಒಂದು ಕಣ್ಣಿಗೆ ಒಂದೇ ಕಣ್ಣು, ಇಡೀ ಮನೆತನವಲ್ಲ ಎಂಬ ಮಿತಿಯೂ ಅದರೊಳಗಿದೆ. ಕ್ರಿಸ್ತಪೂರ್ವ 18ನೇ ಶತಮಾನದಲ್ಲಿ ಬ್ಯಾಬಿಲೋನನ್ನು ಆಳಿದ ಹಮ್ಮುರಾಬಿಯ ಶಾಸನದ 196ನೇ ಕಟ್ಟಳೆ ಅದು. ಕಲ್ಲಿನಲ್ಲಿ ಕೊರೆದ ಆ ಶಾಸನ ಈಗ ಪ್ಯಾರಿಸ್‌ನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿಂದ ಎರಡೇ ಕಟ್ಟಳೆ ಮುಂದೆ ಹೋದರೆ, ಸಾಮಾನ್ಯನ ಕಣ್ಣು ಕಿತ್ತ ಉಳ್ಳವನು ಒಂದು ಮಿನಾ (ಸುಮಾರು ಅರ್ಧ ಕಿಲೋ) ಬೆಳ್ಳಿ ತೆತ್ತರೆ ಸಾಕು ಎಂದಿದೆ. ಕಣ್ಣಿಗೆ ಕಣ್ಣು ಎಂಬುದು ಸಮಾನರ ನಡುವೆ ಮಾತ್ರ ನಡೆಯುತ್ತಿತ್ತು. ಸೇಡಿನ ಹಕ್ಕನ್ನು ಆಯಾ ಮನುಷ್ಯರ ಕೈಗೇ ಬಿಟ್ಟರೂ ಹೀಗೆಯೇ ಆಗುತ್ತದೆ. ಬಲವಿದ್ದವನು ತೀರಿಸಿಕೊಳ್ಳುತ್ತಾನೆ, ಇಲ್ಲದವನು ನುಂಗಿಕೊಳ್ಳುತ್ತಾನೆ.

ಕಿಟಕಿ

ನಿಮ್ಮ ನಿಯಮ ಆರು ವರ್ಷಗಳ ಹಿಂದೆ ಎಲ್ಲಿತ್ತು, ಹಳೆಯ ಕಡತ ಅವರೇ? ಇವರು ದೂರು ಕೊಟ್ಟಾಗ ಆ ಸಂಸ್ಥೆಯಲ್ಲಿಯೂ ನಿಯಮಗಳಿದ್ದವು, ವಿಚಾರಿಸುವ ಹಿರಿಯರೂ ಇದ್ದರು. ನ್ಯಾಯ ಕೊಡಬೇಕಾದ ಜಾಗಗಳು ಕಣ್ಣು ಮುಚ್ಚಿಕೊಂಡಾಗ ನೊಂದವನು ಏನು ಮಾಡಬೇಕು? ಆಗ ಅವನ ಬಳಿಗೆ ಬಾರದ ನಿಯಮ, ಅವನ ಕೈಗೆ ಬಲ ಬಂದ ದಿನ ಮಾತ್ರ ಓಡಿಬಂದು ತಡೆಯುವುದೇಕೆ?

ಹಳೆಯ ಕಡತ

ನ್ಯಾಯವಾದ ಪ್ರಶ್ನೆ. ನ್ಯಾಯಾಲಯದ ಮೆಟ್ಟಿಲಿನ ಮೇಲೆ ಇದೇ ಮಾತನ್ನು ನನ್ನ ಕಕ್ಷಿದಾರರ ಬಾಯಿಂದ ಎಷ್ಟೋ ಸಲ ಕೇಳಿದ್ದೇನೆ. ತೃಪ್ತಿಯಾಗುವ ಉತ್ತರ ಕೊಡಲು ಒಮ್ಮೆಯೂ ಆಗಲಿಲ್ಲ. ವ್ಯವಸ್ಥೆ ಸೋತಾಗ ಸೇಡಿನ ಆಸೆ ನ್ಯಾಯದ ಆಸೆಯೇ ಆಗಿರುತ್ತದೆ ಎಂದು ಒಪ್ಪುತ್ತೇನೆ. ಆದರೆ ಅಳತೆ ತಪ್ಪುವ ಭಯ ನನಗೆ ಹೋಗುವುದಿಲ್ಲ. ನೊಂದವನ ಕೈಯಲ್ಲಿರುವ ತಕ್ಕಡಿ ಸರಿಯಾಗಿ ತೂಗುವುದಿಲ್ಲ, ಅವನು ಎಷ್ಟೇ ಒಳ್ಳೆಯವನಾಗಿರಲಿ.

ಮುಳ್ಳುಹಾದಿ

ಇನ್ನು ಸ್ವಲ್ಪ ಹೊತ್ತಿನಲ್ಲಿ ಯಾರಾದರೂ ಬಂದು ‘ಕ್ಷಮಿಸಿಬಿಡಿ, ಹಗುರಾಗುತ್ತೀರಿ’ ಎನ್ನುತ್ತಾರೆ. ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ.

ನನಗೆ ಅನ್ಯಾಯ ಮಾಡಿದವರು ಹೊರಗಿನವರಲ್ಲ, ಮನೆಯವರು. ವಿವರ ಬೇಡ. ಹನ್ನೆರಡು ವರ್ಷ ಎಲ್ಲರೂ ನನಗೆ ಹೇಳಿದ್ದು ಒಂದೇ, ಕ್ಷಮಿಸು. ಅವರಿಗೆ ‘ಕ್ಷಮೆ ಕೇಳು’ ಎಂದು ಒಬ್ಬರೂ ಹೇಳಲಿಲ್ಲ. ನಾನು ಮರೆತರೆ ಎಲ್ಲರಿಗೂ ಅನುಕೂಲ, ಹಬ್ಬಕ್ಕೆ ಒಟ್ಟಿಗೆ ಕೂರಬಹುದು. ಅವರು ನನ್ನಿಂದ ಬಯಸಿದ್ದು ಕ್ಷಮೆಯಲ್ಲ, ಮೌನ.

ದಕ್ಷಿಣ ಆಫ್ರಿಕಾದ ಉದಾಹರಣೆಯನ್ನು ಕ್ಷಮೆಯ ಪರವಾಗಿ ಎಲ್ಲರೂ ಕೊಡುತ್ತಾರೆ. ವರ್ಣಭೇದ ನೀತಿ ಕೊನೆಗೊಂಡ ಮೇಲೆ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯಲ್ಲಿ ಸತ್ಯ ಮತ್ತು ಸಮನ್ವಯ ಆಯೋಗ ನಡೆಯಿತು, ಸೇಡಿನ ರಕ್ತಪಾತ ತಪ್ಪಿತು. ನಿಜ, ಅದು ದೊಡ್ಡ ಕೆಲಸ. ಆದರೆ ಎರಡು ಸಂಗತಿಗಳನ್ನು ಅವರು ಬಿಟ್ಟುಬಿಡುತ್ತಾರೆ. ಅಲ್ಲಿ ಕ್ಷಮಾದಾನ ಬಿಟ್ಟಿ ಸಿಗುತ್ತಿರಲಿಲ್ಲ. ರಾಜಕೀಯ ಕಾರಣಕ್ಕೆ ಮಾಡಿದ ಅಪರಾಧವನ್ನು ಪೂರ್ತಿಯಾಗಿ ಬಾಯಿಬಿಟ್ಟು ಹೇಳಬೇಕಿತ್ತು. ಏಳು ಸಾವಿರಕ್ಕೂ ಹೆಚ್ಚು ಅರ್ಜಿಗಳಲ್ಲಿ ಬಹುಪಾಲು ತಿರಸ್ಕೃತವಾದವು. ಎರಡನೆಯದು, ಪೊಲೀಸರ ವಶದಲ್ಲಿದ್ದಾಗ ಸತ್ತ ವರ್ಣಭೇದ ವಿರೋಧಿ ಹೋರಾಟಗಾರ ಸ್ಟೀವ್ ಬಿಕೊ ಅವರ ಕುಟುಂಬದವರೂ ಇನ್ನು ಕೆಲವರೂ 1996ರಲ್ಲಿ ಆ ಕ್ಷಮಾದಾನವನ್ನೇ ಸಾಂವಿಧಾನಿಕ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಸೋತರು. ಅವರು ಕೇಳಿದ್ದು ರಕ್ತವನ್ನಲ್ಲ, ವಿಚಾರಣೆಯನ್ನು. ಅವರನ್ನು ಸೇಡಿನವರು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಹಾಗಾಗಿ ನಡುಹಗಲು ಅವರೇ, ನಿಮ್ಮ ಸಿಟ್ಟನ್ನು ಯಾರಿಗೂ ಒಪ್ಪಿಸಬೇಡಿ. ನಿಮಗೆ ಅನ್ಯಾಯವಾಗಿದೆ ಎಂಬುದಕ್ಕೆ ಇಷ್ಟು ವರ್ಷ ಉಳಿದಿರುವ ಸಾಕ್ಷಿ ಅದೊಂದೇ.

ತಿಳಿನೀರು

ಮುಳ್ಳುಹಾದಿ ಅವರ ಮಾತಿಗೆ ತಲೆಬಾಗುತ್ತೇನೆ. ಒತ್ತಾಯದ ಕ್ಷಮೆ ಇನ್ನೊಂದು ಪೆಟ್ಟು. ಆದರೂ ದೇಹದ ಮಾತನ್ನೂ ಕೇಳಬೇಕು. 2001ರ ಒಂದು ಅಧ್ಯಯನದಲ್ಲಿ, ನೋಯಿಸಿದವರನ್ನು ಹಗೆಯಿಂದ ನೆನೆದಾಗ ಜನರ ಎದೆಬಡಿತ, ರಕ್ತದೊತ್ತಡ ಏರಿದ್ದವು, ಕ್ಷಮಿಸಿದಂತೆ ಕಲ್ಪಿಸಿಕೊಂಡಾಗ ಅಷ್ಟು ಏರಲಿಲ್ಲ. ಹಗೆ ಸಾಧಿಸುವವರ ದೇಹವೇ ಅದರ ಖರ್ಚು ಭರಿಸುತ್ತದೆ. ಸಿಟ್ಟು ಸಾಕ್ಷಿಯಾಗಿರಲಿ, ನಿಜ. ಆ ಸಾಕ್ಷಿಯನ್ನು ದಿನವೂ ಕಟಕಟೆಗೆ ಕರೆಯಬೇಕಾಗಿಲ್ಲ.

ಎರಡನೇ ಬಾಗಿಲು

ಇಲ್ಲಿಯವರೆಗೆ ಮಾತನಾಡಿದವರಲ್ಲಿ ನಿಜಕ್ಕೂ ಸೇಡು ತೀರಿಸಿಕೊಂಡವರು ಯಾರೂ ಇಲ್ಲ. ನಾನು ತೀರಿಸಿಕೊಂಡಿದ್ದೇನೆ.

ವ್ಯಾಪಾರದಲ್ಲಿ ನನ್ನ ಪಾಲುದಾರನಾಗಿದ್ದವನು ನನ್ನ ಸಹಿಯನ್ನು ತಾನೇ ಹಾಕಿ ಸಾಲ ಎತ್ತಿದ. ನಾನು ಮನೆ ಮಾರಿ ತೀರಿಸಿದೆ. ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡು ಅವನ ಲೆಕ್ಕಪತ್ರಗಳ ಬಗ್ಗೆ ಮಾಹಿತಿ ಕೂಡಿಹಾಕಿದೆ. ಒಂದು ದಿನ ಎಲ್ಲವನ್ನೂ ಹೆಸರು ಹಾಕದೆ ತೆರಿಗೆ ಅಧಿಕಾರಿಗಳಿಗೆ ಕಳುಹಿಸಿದೆ. ನಾನು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ದಾಳಿಯಾಯಿತು, ದಂಡ ಬಿತ್ತು, ವರ್ಷದೊಳಗೆ ಅವನ ವ್ಯಾಪಾರ ಮುಚ್ಚಿತು.

ಸುದ್ದಿ ತಿಳಿದ ರಾತ್ರಿ ನಾನು ಕುಣಿದಾಡಬೇಕಿತ್ತು. ಬಾಗಿಲು ಹಾಕಿಕೊಂಡು ಕತ್ತಲಲ್ಲಿ ಕೂತಿದ್ದೆ. ನಾಲ್ಕು ವರ್ಷದಿಂದ ದಿನವೂ ಮಾಡುತ್ತಿದ್ದ ಕೆಲಸ ಮುಗಿದಿತ್ತು, ಮಾರನೆಯ ದಿನ ಎದ್ದು ಮಾಡಲು ಏನೂ ಇರಲಿಲ್ಲ. ಅಷ್ಟು ವರ್ಷ ನಾನು ಬದುಕಿದ್ದೇ ಅವನಿಗಾಗಿ ಎಂದು ಆಗ ಗೊತ್ತಾಯಿತು.

ಮುಂದೆ ಒಂದು ಮದುವೆಯಲ್ಲಿ ಅವನು ಎದುರಾದ. ಸೊರಗಿದ್ದ. ಮಗಳ ಓದು ಅರ್ಧಕ್ಕೆ ನಿಂತಿತೆಂದ. ಆಮೇಲೆ, ‘ನಿನಗೂ ಕಷ್ಟ ಬಂತು, ನನಗೂ ಬಂತು, ಎಲ್ಲ ಗ್ರಹಚಾರ’ ಎಂದು ನನ್ನ ಕೈ ಹಿಡಿದುಕೊಂಡ.

ಗ್ರಹಚಾರ! ನಾನು ನಾಲ್ಕು ವರ್ಷ ಸುರಿದ ಬದುಕು ಅವನ ಪಾಲಿಗೆ ಕೆಟ್ಟ ಗಳಿಗೆ, ಅಷ್ಟೇ. ಯಾಕೆ ಬಿತ್ತು ಪೆಟ್ಟು ಎಂದು ಅವನಿಗೆ ತಿಳಿಯಲೇ ಇಲ್ಲ. ಏನೂ ಮಾಡದ ಆ ಹುಡುಗಿ ಮಾತ್ರ ಪೂರ್ತಿ ಬೆಲೆ ತೆತ್ತಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಈಗ ಯಾರಾದರೂ ಆಡಿದರೆ ನನಗೆ ಅವಳ ನೆನಪಾಗುತ್ತದೆ.

ತಿಳಿನೀರು

ಎರಡನೇ ಬಾಗಿಲು ಅವರೇ, ಇದನ್ನು ಬರೆಯಲು ನಿಮಗೆ ಎಷ್ಟು ಕಷ್ಟವಾಗಿರಬೇಕು. ನೀವು ಹೇಳಿದ್ದನ್ನೇ ಜರ್ಮನಿಯ ಮನಶ್ಶಾಸ್ತ್ರಜ್ಞ ಮಾರಿಯೊ ಗೋಲ್‌ವಿಟ್ಸರ್ ಪ್ರಯೋಗಗಳಲ್ಲಿ ಕಂಡಿದ್ದಾರೆ. ಅವರ ತಂಡದ 2009ರ ಮತ್ತು ನಂತರದ ಅಧ್ಯಯನಗಳಲ್ಲಿ, ತಪ್ಪು ಮಾಡಿದವನು ನರಳುವುದನ್ನು ಕಂಡ ಮಾತ್ರಕ್ಕೆ ನೊಂದವರಿಗೆ ತೃಪ್ತಿ ಸಿಗಲಿಲ್ಲ. ‘ನಾನು ಮಾಡಿದ್ದಕ್ಕೇ ನನಗೆ ಇದು ಬಂತು’ ಎಂದು ಅವನು ಅರ್ಥಮಾಡಿಕೊಂಡಾಗ ತೃಪ್ತಿ ಸಿಕ್ಕಿತು. ಸೇಡು ಒಂದು ಸಂದೇಶ. ಅದು ತಲುಪದಿದ್ದರೆ ಉಳಿಯುವುದು ಬರಿಯ ನಾಶ.

ಪುಟ ಮಡಿಸಿದವಳು

ಸಂದೇಶ ತಲುಪಿದರೂ ಕಥೆ ಮುಗಿಯುತ್ತದೆಯೇ? ನನಗೆ ಮಹಾಭಾರತದ ದ್ರೋಣ ನೆನಪಾಗುತ್ತಾನೆ. ಬಾಲ್ಯದ ಗೆಳೆಯ ದ್ರುಪದ ತುಂಬಿದ ಸಭೆಯಲ್ಲಿ ‘ರಾಜನಿಗೂ ಬಡವನಿಗೂ ಎಂಥ ಗೆಳೆತನ’ ಎಂದ. ದ್ರೋಣ ಶಿಷ್ಯರಿಂದ ಅವನನ್ನು ಹಿಡಿದು ತರಿಸಿದ, ಅರ್ಧ ರಾಜ್ಯ ತಾನಿಟ್ಟುಕೊಂಡು ಅರ್ಧವನ್ನು ಮರಳಿಸಿದ. ಈಗ ನಾವಿಬ್ಬರೂ ಸಮಾನರು, ಇನ್ನು ಗೆಳೆಯರಾಗಬಹುದು ಎಂದ. ಎಷ್ಟು ಅಳೆದು ತೂಗಿದ ಸೇಡು ನೋಡಿ! ಪ್ರಾಣ ತೆಗೆಯಲಿಲ್ಲ, ಇದ್ದದ್ದೆಲ್ಲ ಕಸಿಯಲಿಲ್ಲ, ಯಾಕೆಂದು ಮುಖಕ್ಕೆ ಹೇಳಿಯೇ ಮಾಡಿದ. ದ್ರೋಣನ ಪುಸ್ತಕದಲ್ಲಿ ಲೆಕ್ಕ ಅಲ್ಲಿಗೆ ಮುಗಿಯಿತು.

ದ್ರುಪದನ ಪುಸ್ತಕದಲ್ಲಿ ಅದು ಆಗ ತಾನೇ ಶುರುವಾಗಿತ್ತು. ದ್ರೋಣನನ್ನು ಕೊಲ್ಲುವ ಮಗ ಬೇಕೆಂದು ಯಜ್ಞ ಮಾಡಿ ಧೃಷ್ಟದ್ಯುಮ್ನನನ್ನು ಪಡೆದ. ಯುದ್ಧದ ಹದಿನೈದನೆಯ ದಿನ, ಶಸ್ತ್ರ ಕೆಳಗಿಟ್ಟು ಕೂತಿದ್ದ ದ್ರೋಣನ ತಲೆಯನ್ನು ಆ ಮಗ ಕಡಿದ. ಅದಕ್ಕೆ ಅಶ್ವತ್ಥಾಮ ರಾತ್ರಿಯ ಶಿಬಿರಕ್ಕೆ ನುಗ್ಗಿ ಧೃಷ್ಟದ್ಯುಮ್ನನನ್ನೂ ದ್ರೌಪದಿಯ ಐದು ಮಕ್ಕಳನ್ನೂ ಕೊಂದ. ಎಲ್ಲಿಯ ಸಭೆಯ ಒಂದು ಮಾತು, ಎಲ್ಲಿಯ ನಿದ್ದೆಯಲ್ಲಿದ್ದ ಆ ಹುಡುಗರು! ನಡುವೆ ನಿಂತ ಒಬ್ಬೊಬ್ಬನನ್ನೂ ಕೇಳಿ ನೋಡಿ, ನಾನು ಬಾಕಿ ತೀರಿಸಿದೆ ಅಷ್ಟೇ ಎನ್ನುತ್ತಾನೆ.

2003ರಲ್ಲಿ ಲಂಡನ್ನಿನ ಸಂಶೋಧಕರು ಇಬ್ಬಿಬ್ಬರನ್ನು ಕೂರಿಸಿ, ನಿನ್ನ ಬೆರಳಿನ ಮೇಲೆ ಎಷ್ಟು ಒತ್ತಡ ಬಿತ್ತೋ ಅಷ್ಟನ್ನೇ ಮರಳಿ ಕೊಡು ಎಂದರು. ಇಬ್ಬರೂ ಪ್ರಾಮಾಣಿಕರು, ಇಬ್ಬರ ನಡುವೆ ಹಗೆಯೂ ಇಲ್ಲ. ಆದರೂ ಪ್ರತಿ ಸುತ್ತಿನಲ್ಲಿ ಒತ್ತಡ ಸರಾಸರಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಏರುತ್ತಾ ಹೋಯಿತು. ನಾವು ಕೊಟ್ಟದ್ದು ನಮಗೆ ಹಗುರವಾಗಿಯೇ ಕಾಣುತ್ತದೆ, ಬಿದ್ದದ್ದು ಭಾರವಾಗಿಯೇ ಕಾಣುತ್ತದೆ. ನೊಂದವನ ತಕ್ಕಡಿಯ ಬಗ್ಗೆ ಹಳೆಯ ಕಡತ ಅವರು ಹೇಳಿದ್ದು ಬೆರಳಿನ ತುದಿಯಲ್ಲಿಯೇ ಇದೆ.

ನಮ್ಮ ಭಾಷೆಯಲ್ಲಿ ಪಡೆದ ಉಡುಗೊರೆಗೆ ಮರಳಿಸುವ ಉಡುಗೊರೆಯೂ ಮುಯ್ಯಿ, ತಿಂದ ಪೆಟ್ಟಿಗೆ ಕೊಡುವ ಪೆಟ್ಟೂ ಮುಯ್ಯಿ. ಎರಡಕ್ಕೂ ಒಂದೇ ಪದವಿಟ್ಟ ಹಿರಿಯರಿಗೆ, ಎರಡೂ ನಿಲ್ಲದೆ ಹೋಗುತ್ತಾ ಬರುತ್ತಾ ಇರುತ್ತವೆ ಎಂಬುದು ಗೊತ್ತಿತ್ತು ಎನಿಸುತ್ತದೆ.

ಕಿಟಕಿ

ಒಂದು ಅಡ್ಡಮಾತು. ತಿರುಗಿ ಹೊಡೆಯದೆ ಇರುವುದಕ್ಕೂ ಬೆಲೆ ಇದೆ, ಅದನ್ನು ಇಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲ. 1980ರ ಸುಮಾರಿಗೆ ರಾಬರ್ಟ್ ಆಕ್ಸೆಲ್‌ರಾಡ್ ಎಂಬ ಅಮೆರಿಕದ ರಾಜ್ಯಶಾಸ್ತ್ರಜ್ಞ ಕಂಪ್ಯೂಟರ್ ಪ್ರೋಗ್ರಾಂಗಳ ನಡುವೆ ಎರಡು ಸಲ ಪಂದ್ಯ ಏರ್ಪಡಿಸಿದರು. ಪ್ರತಿ ಸುತ್ತಿನಲ್ಲೂ ಎದುರಾಳಿಯೊಂದಿಗೆ ಸಹಕರಿಸಬಹುದು, ಇಲ್ಲವೇ ಮೋಸ ಮಾಡಬಹುದು. ಎರಡು ಸಲವೂ ಗೆದ್ದದ್ದು ಅನತೋಲ್ ರಾಪೊಪೋರ್ಟ್ ಕಳುಹಿಸಿದ ತೀರ ಚಿಕ್ಕ ಪ್ರೋಗ್ರಾಂ. ಮೊದಲು ಸಹಕರಿಸು, ಆಮೇಲೆ ಎದುರಾಳಿ ಏನು ಮಾಡಿದನೋ ಅದನ್ನೇ ಮಾಡು. ಮೋಸಕ್ಕೆ ತಕ್ಷಣ ಪೆಟ್ಟು ಕೊಡುತ್ತಿತ್ತು. ಪೆಟ್ಟು ಕೊಡದ ಸಾಧುಗಳನ್ನು ಮೋಸಗಾರರು ತಿಂದುಹಾಕುತ್ತಾರೆ. ನೀವು ಅಂದು ಸುಮ್ಮನೆ ಎದ್ದು ಹೋದಿರಿ. ಅವನು ನಿಮ್ಮ ನಂತರ ಇನ್ನೆಷ್ಟು ಜನರ ಕೆಲಸ ಕದ್ದನೋ?

ಪುಟ ಮಡಿಸಿದವಳು

ಅದೇ ಪ್ರೋಗ್ರಾಂ, ಎದುರಾಳಿ ಮತ್ತೆ ಸಹಕರಿಸಿದ ಮರುಕ್ಷಣವೇ ಹಳೆಯದನ್ನು ಬಿಟ್ಟುಬಿಡುತ್ತಿತ್ತು. ಆರು ವರ್ಷ ಇಟ್ಟುಕೊಳ್ಳುತ್ತಿರಲಿಲ್ಲ.

ಮುಳ್ಳುಹಾದಿ

ಇಲ್ಲಿ ಎದುರಾಳಿ ಸಹಕರಿಸಿಯೇ ಇಲ್ಲವಲ್ಲ. ಕ್ಷಮೆ ಕೇಳಿದ್ದಾನೆಯೇ?

ನಡುಹಗಲು

ಇಲ್ಲ, ಕೇಳಿಲ್ಲ.

ಎರಡನೇ ಬಾಗಿಲು ಅವರ ‘ಗ್ರಹಚಾರ’ ಎಂಬ ಮಾತು ಓದಿದ ಮೇಲೆ ಕೂತಲ್ಲಿಂದ ಏಳಲಾಗಲಿಲ್ಲ. ನಾನು ಕಿವಿಯಲ್ಲಿ ಹೇಳಿದಂತೆ ಒಂದು ವಾಕ್ಯ ಬರೆದು ಅವನ ಹೆಸರು ಹೊಡೆದು ಹಾಕಿಸಿದ್ದರೆ ಅವನೂ ಹಾಗೆಯೇ ಅಂದುಕೊಳ್ಳುತ್ತಿದ್ದ. ಸಿಗಲಿಲ್ಲ, ಅದೃಷ್ಟ ಇರಲಿಲ್ಲ ಎಂದು ಮುಂದಿನ ಅರ್ಜಿ ಹಾಕುತ್ತಿದ್ದ. ನನಗೆ ಬೇಕಾಗಿದ್ದುದು ಅವನ ಸೋಲಲ್ಲ ಎಂದು ಈಗ ತಿಳಿಯುತ್ತಿದೆ. ಆ ವರದಿ ಯಾರದೆಂದು ನನ್ನನ್ನು ಬಿಟ್ಟು ಇನ್ನೊಬ್ಬ ಮನುಷ್ಯನಾದರೂ ಹೇಳಬೇಕು, ಅದು ಬೇಕಾಗಿತ್ತು. ಹಾಗೆ ಹೇಳಬಲ್ಲವನು ಜಗತ್ತಿನಲ್ಲಿ ಅವನೊಬ್ಬನೇ.

ನಾಳೆ ಹಳೆಯ ಕಡತ ಅವರು ಹೇಳಿದಂತೆ ಬರೆದು ಕೊಡುತ್ತೇನೆ.

ನಡುಹಗಲು (ಹದಿನೆಂಟು ದಿನಗಳ ನಂತರ)

ಆದದ್ದನ್ನು ಹೇಳಬೇಕು, ನೀವೆಲ್ಲ ಅಷ್ಟು ಹೊತ್ತು ನನಗಾಗಿ ಕೂತಿದ್ದೀರಿ.

ಅರ್ಧ ಪುಟ ಬರೆದೆ. ನಾಲ್ಕು ಸಲ ತಿದ್ದಿದೆ, ಪ್ರತಿ ಸಲವೂ ಎರಡು ಮೂರು ವಿಶೇಷಣಗಳು ಉದುರಿದವು. ವಿವಾದವಿತ್ತು ಎಂದೂ ನಾನು ಹಿಂದೆ ಸರಿಯುತ್ತೇನೆ ಎಂದೂ ಬರೆದು, ವರದಿಯ ಮೊದಲ ಕರಡುಗಳು ನನ್ನ ಬಳಿ ದಿನಾಂಕದ ಸಮೇತ ಇವೆ, ಬೇಕಾದರೆ ಅವನನ್ನೇ ಕೇಳಿ ಎಂದು ಸೇರಿಸಿದೆ. ನೇಮಕಾತಿಯವರು ನನ್ನನ್ನು ಕೇಳಿ, ನನ್ನ ಹೆಸರು ಹೇಳಿಯೇ ಸಂದರ್ಶನದಲ್ಲಿ ಆ ವಿಷಯ ಎತ್ತಿದರು. ಅವನು ಏನು ಉತ್ತರಿಸಿದನೋ ನಾನು ವಿಚಾರಿಸಲಿಲ್ಲ. ಆಯ್ಕೆಯಾದದ್ದು ಬೇರೊಬ್ಬರು. ಅದಕ್ಕೆ ನನ್ನ ಪತ್ರ ಕಾರಣವೋ, ಆ ಇನ್ನೊಬ್ಬರ ಅರ್ಹತೆ ಕಾರಣವೋ ನನಗೆ ಗೊತ್ತಿಲ್ಲ.

ಅದೇ ದಿನ ರಾತ್ರಿ ಅವನೇ ಕರೆ ಮಾಡಿದ. ನೀನು ಅಲ್ಲಿದ್ದೀಯ ಎಂದು ಗೊತ್ತಿದ್ದರೆ ಅರ್ಜಿ ಹಾಕುತ್ತಿರಲಿಲ್ಲ ಎಂದ. ನಾನು ಏನೂ ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ‘ಆ ವರದಿ ನಿನ್ನದೇ, ಅದು ನನಗೆ ಯಾವಾಗಲೂ ಗೊತ್ತಿತ್ತು’ ಎಂದ. ಆ ಮೇಲೆ ‘ಆದರೆ’ ಎಂದು ಶುರು ಮಾಡಿ ತನ್ನ ಆಗಿನ ಕಷ್ಟಗಳನ್ನು ಹೇಳಿದ. ಸಾಲ, ಮೇಲಿನವರ ಒತ್ತಡ, ಏನೇನೋ. ನಾನು ಕೇಳಿಸಿಕೊಂಡಂತೆ ನೆನಪಿಲ್ಲ. ಕ್ಷಮಿಸು ಎಂಬ ಪದ ಅವನ ಬಾಯಿಂದ ಬರಲಿಲ್ಲ. ಕ್ಷಮಿಸಿದ್ದೇನೆ ಎಂದು ನಾನೂ ಹೇಳಲಿಲ್ಲ.

ಕಿಟಕಿ

ತೀರ ಅಗ್ಗದಲ್ಲಿ ಪಾರಾದ. ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ನಿಮ್ಮ ಅರ್ಧ ಪುಟವನ್ನು ನಾನು ಬರೆದಿದ್ದರೆ ಅದರಲ್ಲಿ ಅಷ್ಟು ಸಂಯಮ ಇರುತ್ತಿರಲಿಲ್ಲ, ಇದನ್ನು ಒಪ್ಪಿಕೊಳ್ಳುತ್ತೇನೆ.

ಎರಡನೇ ಬಾಗಿಲು

‘ಆ ವರದಿ ನಿನ್ನದೇ’ ಎಂಬ ವಾಕ್ಯ ನಿಮಗೆ ಸಿಕ್ಕಿತಲ್ಲ. ನನಗೆ ಅದು ಎಂದಿಗೂ ಸಿಗುವುದಿಲ್ಲ. ಕೇಳಬೇಕಾದರೆ ನಾನು ಮಾಡಿದ್ದನ್ನು ಮೊದಲು ಅವನಿಗೆ ಹೇಳಬೇಕು.

ಮುಳ್ಳುಹಾದಿ

ಒಂದು ಪ್ರಶ್ನೆ, ಉತ್ತರಿಸಲೇಬೇಕೆಂದಿಲ್ಲ. ನಿಮ್ಮ ತಂದೆಯವರ ವಿಷಯ, ಆ ಚೀಲದ ವಿಷಯ ಅವನಿಗೆ ಹೇಳಿದಿರಾ?

ನಡುಹಗಲು

ಇಲ್ಲ. ಪತ್ರದ ಮೊದಲ ಕರಡಿನಲ್ಲಿ ಬರೆದಿದ್ದೆ, ಆಮೇಲೆ ತೆಗೆದೆ. ಫೋನಿನಲ್ಲಿ ಅವನು ತನ್ನ ಕಷ್ಟ ಹೇಳುತ್ತಿದ್ದಾಗ ನಾಲಿಗೆಯ ತುದಿಯವರೆಗೂ ಬಂದಿತ್ತು. ಹೇಳಿದ್ದರೆ ಅವನಿಗೆ ನೋಯುತ್ತಿತ್ತು, ಅಷ್ಟು ಮನುಷ್ಯತ್ವ ಅವನಲ್ಲಿದೆ ಎಂದು ಧ್ವನಿಯಲ್ಲಿಯೇ ತಿಳಿಯುತ್ತಿತ್ತು. ಆದರೆ ಅಪ್ಪನನ್ನು ಆ ಮಾತಿನ ನಡುವೆ ತರಲು ಮನಸ್ಸಾಗಲಿಲ್ಲ.